ಪರದೆಯ ಆಚೆಗೊಂದು ಜಾಗ

ಎಂಬತ್ತರ ದಶಕದ ಆರಂಭ. ಕೆನಡಾದ ವ್ಯಾಂಕೂವರ್ ನಗರದ ಗ್ರಾನ್ವಿಲ್ ಬೀದಿಯ ವಿಡಿಯೊ ಗೇಮ್ ಅಂಗಡಿಗಳಲ್ಲಿ ಆಡುತ್ತಿದ್ದ ಹುಡುಗರ ನಿಲುವು ಲೇಖಕ ವಿಲಿಯಂ ಗಿಬ್ಸನ್ ಕಣ್ಣಿಗೆ ಬಿತ್ತು. ಪರದೆಯ ಆಚೆ ನಿಜವಾಗಿಯೂ ಒಂದು ಜಾಗವಿದೆ, ಅದರೊಳಕ್ಕೆ ನುಗ್ಗಿಬಿಡಬೇಕು ಎಂಬಂತೆ ಅವರ ಮೈಯೆಲ್ಲ ಯಂತ್ರದತ್ತ ಬಾಗಿತ್ತು. 1982ರಲ್ಲಿ ‘ಓಮ್ನಿ’ ಪತ್ರಿಕೆಯಲ್ಲಿ ಪ್ರಕಟವಾದ ‘ಬರ್ನಿಂಗ್ ಕ್ರೋಮ್’ ಕಥೆಯಲ್ಲಿ ಅವರು ಆ ಜಾಗವನ್ನು ಸೈಬರ್‌ಸ್ಪೇಸ್ ಎಂದು ಕರೆದರು.

ಅದೇ ವರ್ಷ ರಿಡ್ಲಿ ಸ್ಕಾಟ್ ನಿರ್ದೇಶನದ ‘ಬ್ಲೇಡ್ ರನ್ನರ್’ ತೆರೆಕಂಡಿತು. ಸುರಿಯುವ ಮಳೆ, ನಿಯಾನ್ ದೀಪ, ಮುಗಿಲು ಮುಟ್ಟುವ ಕಂಪನಿ ಕಟ್ಟಡ, ಅದರ ಬುಡದಲ್ಲಿ ಕಿಕ್ಕಿರಿದ ಬೀದಿ. ತಾವು ಬರೆಯುತ್ತಿದ್ದ ಕಾದಂಬರಿಯನ್ನು ಜನ ಇದರ ನಕಲು ಎಂದಾರು ಎಂದು ಅಂಜಿ ಗಿಬ್ಸನ್ ಅರ್ಧಕ್ಕೇ ಎದ್ದು ಬಂದರು. ಪುಣ್ಯಕ್ಕೆ ಬರೆಯುವುದನ್ನು ಬಿಡಲಿಲ್ಲ. ಹಳೆಯ ಟೈಪ್‌ರೈಟರಿನಲ್ಲಿ ಮೂಡಿದ ಆ ‘ನ್ಯೂರೋಮ್ಯಾನ್ಸರ್’ 1984ರಲ್ಲಿ ಹೊರಬಂದು ಹ್ಯೂಗೊ, ನೆಬ್ಯುಲಾ, ಫಿಲಿಪ್ ಕೆ. ಡಿಕ್ ಪ್ರಶಸ್ತಿಗಳನ್ನು ಗೆದ್ದಿತು. ಇಂಥ ಕಥೆಗಳ ಪ್ರಕಾರಕ್ಕೆ ಅಂಟಿಕೊಂಡದ್ದು ಬ್ರೂಸ್ ಬೆತ್ಕಿ 1983ರಲ್ಲಿ ಪ್ರಕಟಿಸಿದ ಕಥೆಯ ಹೆಸರು: ಸೈಬರ್‌ಪಂಕ್.

ಗಿಬ್ಸನ್ ಕಾದಂಬರಿಯ ನಾಯಕ ಕೇಸ್ ಒಬ್ಬ ಹ್ಯಾಕರ್. ಧಣಿಗಳಿಂದಲೇ ಕದ್ದನೆಂದು ಅವರು ವಿಷವಿಕ್ಕಿ ಅವನ ನರಗಳನ್ನು ಕೆಡಿಸಿರುತ್ತಾರೆ. ಹೊಸ ಧಣಿಯೊಬ್ಬ ಅವುಗಳನ್ನು ಸರಿಪಡಿಸುತ್ತಾನೆ, ಜೊತೆಗೇ ಮೈಯೊಳಗೆ ನಿಧಾನವಾಗಿ ಕರಗುವ ವಿಷದ ಚೀಲಗಳನ್ನೂ ಇಡಿಸುತ್ತಾನೆ. ಹೇಳಿದ ಕೆಲಸ ಮುಗಿಸದಿದ್ದರೆ ಕೇಸ್ ಮತ್ತೆ ಮೊದಲಿನ ಸ್ಥಿತಿಗೇ. ಸೈಬರ್‌ಪಂಕ್‌ನ ಜೀವಾಳ ಇಲ್ಲಿದೆ ಎಂದು ನಾನು ನಂಬುತ್ತೇನೆ. ಯಂತ್ರ ಮನುಷ್ಯನ ಮೈಯೊಳಗೇ ಬಂದು ಕೂರುತ್ತದೆ, ಲಗಾಮು ಮಾತ್ರ ದುಡ್ಡಿದ್ದವನ ಕೈಯಲ್ಲಿ.

ಜಪಾನಿನಲ್ಲಿ ‘ಅಕಿರಾ’, ‘ಘೋಸ್ಟ್ ಇನ್ ದ ಶೆಲ್’ ಚಿತ್ರಗಳು ಬಂದವು; 1999ರಲ್ಲಿ ‘ದ ಮೇಟ್ರಿಕ್ಸ್’. ಈ ಪ್ರಕಾರದ ಪ್ರಭಾವ ಸಿನಿಮಾದಾಚೆಗೂ ಹಬ್ಬಿತು. 1990ರ ಮಾರ್ಚ್‌ನಲ್ಲಿ ಅಮೆರಿಕದ ಸೀಕ್ರೆಟ್ ಸರ್ವೀಸ್ ಟೆಕ್ಸಸ್‌ನ ಆಸ್ಟಿನ್‌ನಲ್ಲಿದ್ದ ಸ್ಟೀವ್ ಜಾಕ್ಸನ್ ಗೇಮ್ಸ್ ಎಂಬ ಆಟಗಳ ಕಂಪನಿಯ ಮೇಲೆ ದಾಳಿ ಮಾಡಿ, ಕಂಪ್ಯೂಟರುಗಳೊಂದಿಗೆ ಸೈಬರ್‌ಪಂಕ್ ಆಟದ ಪುಸ್ತಕವೊಂದರ ಹಸ್ತಪ್ರತಿಯನ್ನೂ ಹೊತ್ತೊಯ್ದಿತು. ಕಂಪನಿ ಕೋರ್ಟಿಗೆ ಹೋಗಿ 1993ರಲ್ಲಿ ಗೆದ್ದಿತು.

ನೀಲ್ ಸ್ಟೀಫನ್‌ಸನ್‌ರ ‘ಸ್ನೋ ಕ್ರ್ಯಾಶ್’ (1992) ಕಾದಂಬರಿ ಕಂಪ್ಯೂಟರಿನೊಳಗೆ ಮೆಟಾವರ್ಸ್ ಎಂಬ ಲೋಕವನ್ನು ಕಟ್ಟಿತು. ಅದರ ನಾಯಕ ಆ ಲೋಕದಲ್ಲಿ ಕತ್ತಿ ಹಿಡಿದ ವೀರ. ಹೊರಗೆ, ಸಾಮಾನು ತುಂಬಿಡಲು ಬಾಡಿಗೆಗೆ ಕೊಡುವ ಗೋದಾಮಿನ ಕೋಣೆಯಲ್ಲಿ ಇನ್ನೊಬ್ಬನೊಂದಿಗೆ ಬದುಕುತ್ತಾ ಪಿಜ್ಜಾ ಹಂಚುವವನು. 2021ರಲ್ಲಿ ಫೇಸ್‌ಬುಕ್ ಕಂಪನಿ ಮೆಟಾ ಎಂದು ಹೆಸರು ಬದಲಿಸಿಕೊಂಡು ಮೆಟಾವರ್ಸ್ ಕಟ್ಟಲು ಹೊರಟಿತು. ಆದರೆ ಸ್ಟೀಫನ್‌ಸನ್ ಆ ವೀರನ ಲೋಕವನ್ನೂ ಗೋದಾಮಿನ ಲೋಕವನ್ನೂ ಒಂದೇ ಕಥೆಯಲ್ಲಿ ಇಟ್ಟದ್ದು ಒಂದರಿಂದ ಇನ್ನೊಂದನ್ನು ಬಿಡಿಸಿ ನೋಡಬಾರದೆಂದೇ ಇರಬೇಕು.