ಪೂರ್ವಪಕ್ಷದ ಪಾಠ

ತರ್ಕಶಾಸ್ತ್ರ, ಜ್ಞಾನಮೀಮಾಂಸೆ, ನೀತಿಶಾಸ್ತ್ರ, ಭಾರತೀಯ ದರ್ಶನಗಳು, ಪಾಶ್ಚಾತ್ಯ ತತ್ವಚಿಂತನೆಯ ಇತಿಹಾಸ: ವಿಶ್ವವಿದ್ಯಾನಿಲಯದಲ್ಲಿ ತತ್ವಶಾಸ್ತ್ರ ಓದುವವರ ಮುಖ್ಯ ಪತ್ರಿಕೆಗಳು ಇವು. ಮೊದಲು ಕೈಗೆ ಹತ್ತುವುದೂ ಕೆಲವರಿಗೆ ತಲೆನೋವಾಗುವುದೂ ತರ್ಕವೇ.

ನ್ಯಾಯದರ್ಶನದ ಹಳೆಯ ಉದಾಹರಣೆಯೊಂದಿದೆ. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆ ಕಾಣುತ್ತಿದೆ, ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿರುವಂತೆ, ಈ ಬೆಟ್ಟದಲ್ಲೂ ಅಂಥ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂದು ಐದು ಮೆಟ್ಟಿಲು. ಅದೇ ಮಾತನ್ನು ತಿರುಗಿಸಿ, ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆ ಎಂದರೆ? ಕುಲುಮೆಯಲ್ಲಿ ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ವಾದ ಬಿತ್ತು. ಜಾಹೀರಾತು, ಚುನಾವಣಾ ಭಾಷಣ, ಏನು ಕೇಳಿದರೂ ಇಂಥದೊಂದು ಗುಂಡು ಹುಡುಕುವ ಚಾಳಿ ವಿದ್ಯಾರ್ಥಿಗೆ ಅಂಟಿಕೊಳ್ಳುತ್ತದೆ. ಮನೆಯವರಿಗೆ ಅದರಿಂದ ಕಿರಿಕಿರಿಯಾಗುವುದೂ ಉಂಟು.

ಇದಕ್ಕಿಂತ ಕಷ್ಟದ ಅಭ್ಯಾಸ ಪೂರ್ವಪಕ್ಷ. ಸ್ವಂತ ಸಿದ್ಧಾಂತ ಹೇಳುವ ಮುಂಚೆ ಎದುರಾಳಿಯ ಮಾತನ್ನು ಅವನೇ ತಲೆದೂಗುವಷ್ಟು ಚೆನ್ನಾಗಿ ಹೇಳಬೇಕು. ವಿಜಯನಗರ ಕಾಲದ ಮಾಧವಾಚಾರ್ಯರ ಹೆಸರಿನಲ್ಲಿರುವ, 14ನೇ ಶತಮಾನದ ‘ಸರ್ವದರ್ಶನಸಂಗ್ರಹ’ ಶುರುವಾಗುವುದೇ ವೇದವನ್ನೊಪ್ಪದ ಚಾರ್ವಾಕರಿಂದ. ಬರೆದವರು ವೇದಾಂತಿ. ಆದರೂ ಚಾರ್ವಾಕರ ಗ್ರಂಥಗಳು ಕಳೆದುಹೋಗಿರುವ ಇಂದು, ವಿದ್ವಾಂಸರು ಅವರ ಮತ ತಿಳಿಯಲು ತೆರೆಯುವ ಪುಸ್ತಕಗಳಲ್ಲಿ ಇದು ಮುಖ್ಯವಾದದ್ದು. ಪರೀಕ್ಷೆಯ ಪ್ರಬಂಧದಲ್ಲಿ ಪೂರ್ವಪಕ್ಷವನ್ನು ಎರಡೇ ಸಾಲಿನಲ್ಲಿ ಮುಗಿಸಿದವರ ಉತ್ತರ ಅಲ್ಲಿಯೇ ಸೊರಗುತ್ತದೆ.

ಕರ್ನಾಟಕದಲ್ಲಿ ಈ ಓದಿಗೆ ಹೆಸರು ತಂದದ್ದು ಮೈಸೂರಿನ ಮಹಾರಾಜ ಕಾಲೇಜು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ, ಎಸ್. ರಾಧಾಕೃಷ್ಣನ್ 1918ರಿಂದ 1921ರವರೆಗೆ ಇಲ್ಲಿ ಪಾಠ ಹೇಳಿ ಕಲ್ಕತ್ತೆಗೆ ಹೋದರು. ಎ. ಆರ್. ವಾಡಿಯಾ ಕೂಡ ಇಲ್ಲಿಯೇ ಪ್ರಾಧ್ಯಾಪಕರಾಗಿದ್ದರು. ಸಂಸ್ಕೃತ ಪ್ರಾಧ್ಯಾಪಕ ಎಂ. ಹಿರಿಯಣ್ಣನವರು ಭಾರತೀಯ ದರ್ಶನಗಳ ಬಗ್ಗೆ ತರಗತಿಯಲ್ಲಿ ಮಾಡಿದ ಪಾಠಗಳೇ 1932ರಲ್ಲಿ ಇಂಗ್ಲಿಷ್ ಪುಸ್ತಕವಾಗಿ ಲಂಡನ್ನಿನಲ್ಲಿ ಅಚ್ಚಾದವು. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ ಎನಿಸುವ ಆ ಬರವಣಿಗೆ ಈಗಲೂ ಪಠ್ಯ. ಕಾದಂಬರಿಕಾರ ಎಸ್. ಎಲ್. ಭೈರಪ್ಪ ತತ್ವಶಾಸ್ತ್ರದ ಎಂ.ಎ. ಮಾಡಿದ್ದು ಮೈಸೂರಿನಲ್ಲಿ. ಅವರ ಪಾತ್ರಗಳು ಪುಟಗಟ್ಟಲೆ ವಾದಕ್ಕಿಳಿಯುವುದರಲ್ಲಿ ಆ ತರಗತಿಯ ನೆರಳನ್ನು ಕಾಣಬಹುದು.

ಓದಿ ಮುಂದೇನು ಎಂಬ ಪ್ರಶ್ನೆ ಈ ವಿಷಯಕ್ಕೆ ಬೆನ್ನು ಬಿಡದು. ಬೋಧನೆ, ಪತ್ರಿಕೋದ್ಯಮ, ಕಾನೂನು ಎಂದು ದಾರಿಗಳಿವೆ. ಎದುರು ಪಕ್ಷದ ವಕೀಲರು ಏನು ಹೇಳಬಹುದೆಂದು ಮೊದಲೇ ಬರೆದುಕೊಳ್ಳುವುದು ತತ್ವಶಾಸ್ತ್ರ ಓದಿದವರಿಗೆ ಹೊಸದಲ್ಲ. ಕೇಂದ್ರದ ನಾಗರಿಕ ಸೇವಾ ಮುಖ್ಯ ಪರೀಕ್ಷೆಯಲ್ಲೂ ಇದು ಐಚ್ಛಿಕ ವಿಷಯ. ಪಠ್ಯಭಾಗ ಚಿಕ್ಕದೆಂದು ಆರಿಸಿಕೊಂಡು, ನ್ಯಾಯದ ಹೇತ್ವಾಭಾಸಗಳ, ಅಂದರೆ ಹೇತುವಿನ ದೋಷಗಳ, ಹತ್ತಿರ ಬಂದು ತಡವರಿಸುವವರೂ ಇದ್ದಾರೆ.