ನಿಸರ್ಗಚಿತ್ರದ ಹಿಂದಿನ ಕರಡು: ಜಾನ್ ಕಾನ್‌ಸ್ಟಬಲನ ರಚನಾಕ್ರಮ

ಹಳೆಯ ನಿಸರ್ಗಚಿತ್ರವೊಂದನ್ನು ಕಂಡಾಗ, ಚಿತ್ರಕಾರನು ಆ ಸ್ಥಳದಲ್ಲಿಯೇ ನಿಂತು ಕಂಡುದನ್ನು ಕಂಡಂತೆ ಬರೆದನೆಂದು ಭಾವಿಸುವುದು ಸಹಜ. ಇತಿಹಾಸದ ವಿದ್ಯಾರ್ಥಿಗಳಾದ ನಾವು ಅಂಥ ಚಿತ್ರವನ್ನು ಅಂದಿನ ಮನೆ, ಹೊಲ, ಬಂಡಿಗಳಿಗೆ ಸಾಕ್ಷಿಯೆಂದು ಸ್ವೀಕರಿಸುವುದೂ ಉಂಟು. ಆದರೆ ಸ್ಥಳದಲ್ಲಿ ತೆಗೆದ ಕರಡಿಗೂ ಮುಗಿದ ಚಿತ್ರಕ್ಕೂ ನಡುವೆ ಅನೇಕ ವೇಳೆ ದೀರ್ಘವಾದ ಆಲೋಚನೆ ನಡೆದಿರುತ್ತದೆ. ಅದರ ಸ್ವರೂಪವೇನೆಂಬುದನ್ನು ಇಂಗ್ಲೆಂಡಿನ ಜಾನ್ ಕಾನ್‌ಸ್ಟಬಲನ (1776–1837) ಕೃತಿಗಳಿಂದ ಸ್ಪಷ್ಟವಾಗಿ ತಿಳಿಯಬಹುದು.

ಕಾನ್‌ಸ್ಟಬಲನು ಸಫಕ್ ಪ್ರಾಂತದ ಈಸ್ಟ್ ಬರ್ಗ್‌ಹೋಲ್ಟ್ ಗ್ರಾಮದವನು. ಸ್ಟೂರ್ ನದಿಯ ಕಣಿವೆ ಅವನ ಬಾಲ್ಯದ ನೆಲ. 1813 ಮತ್ತು 1814ರಲ್ಲಿ ಅವನು ಬಳಸಿದ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಎರಡು ಕರಡುಪುಸ್ತಕಗಳು ಉಳಿದುಬಂದಿವೆ. ಅವುಗಳಲ್ಲಿನ ಪೆನ್ಸಿಲ್ ರೇಖೆಗಳು ಮುಂದೆ ಅವನ ದೊಡ್ಡ ಚಿತ್ರಗಳಿಗೆ ಒದಗಿದವು. 1821–22ರಲ್ಲಿ ಹ್ಯಾಂಪ್‌ಸ್ಟೆಡ್‌ನಲ್ಲಿದ್ದಾಗ ಮೋಡಗಳ ಅಭ್ಯಾಸಚಿತ್ರಗಳನ್ನು ಬರೆದು, ಹಲವುದರ ಹಿಂಬದಿಯಲ್ಲಿ ದಿನ, ಹೊತ್ತು, ಗಾಳಿಯ ದಿಕ್ಕುಗಳನ್ನು ಗುರುತಿಸಿದನು. ಸ್ಥಳದಲ್ಲಿ ಅವನ ಕೈ ಶೀಘ್ರವಾಗಿಯೇ ಓಡುತ್ತಿತ್ತು. ಅವನು ನಿಧಾನಿಸಿದುದು ಅನಂತರ.

1819ರಿಂದ ಅವನು ಸುಮಾರು ಆರಡಿ ಅಗಲದ ಚಿತ್ರಗಳನ್ನು ಪ್ರದರ್ಶಿಸತೊಡಗಿದನು. ಅಂಗೈಯಗಲದ ಕರಡನ್ನು ಆರಡಿಗೆ ಹಿಗ್ಗಿಸಿದರೆ ಚಿತ್ರವಾಗದು. ಚಿಕ್ಕ ಹಾಳೆಯಲ್ಲಿ ಒಂದು ಗೀರು ಮರವೆನಿಸುತ್ತದೆ. ದೊಡ್ಡ ಪಟದಲ್ಲಿ ಅದೇ ಸ್ಥಳ ಬರಿದಾಗಿ ತೋರುತ್ತದೆ. ಬೆಳಕು ಎಲ್ಲಿ ಬೀಳಬೇಕು, ನೋಡುವವನ ಕಣ್ಣು ಯಾವ ದಾರಿಯಲ್ಲಿ ಸಾಗಬೇಕು ಎಂಬುದನ್ನು ಮತ್ತೆ ನಿರ್ಣಯಿಸಬೇಕಾಗುತ್ತದೆ. ಇದಕ್ಕಾಗಿ ಅವನು ಅಂತಿಮ ಚಿತ್ರದಷ್ಟೇ ದೊಡ್ಡದಾದ ಇನ್ನೊಂದು ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ ಪೂರ್ಣಗಾತ್ರದ ಕರಡನ್ನು ಮೊದಲು ಬರೆಯುತ್ತಿದ್ದನು. ಅದು ಪ್ರದರ್ಶನಕ್ಕಲ್ಲ, ತಪ್ಪುಗಳನ್ನು ಅಲ್ಲಿಯೇ ಮಾಡಿ ತಿದ್ದಿಕೊಳ್ಳುವುದಕ್ಕೆ.

1821ರಲ್ಲಿ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿತವಾದ ‘ಹೇ ವೇನ್’, ಎಂದರೆ ಹುಲ್ಲಿನ ಬಂಡಿಯ ಚಿತ್ರ, ಇದಕ್ಕೆ ಪ್ರಸಿದ್ಧ ನಿದರ್ಶನ. ಅದನ್ನು ಬರೆದದ್ದು ಲಂಡನ್ನಿನಲ್ಲಿ. ಬಂಡಿಯ ವಿವರಗಳು ಸಾಲದೆ ಅವನು ಊರಿನಿಂದ ಅದರ ರೇಖಾಚಿತ್ರವನ್ನು ತರಿಸಿಕೊಂಡನು. ಪೂರ್ಣಗಾತ್ರದ ಕರಡಿನಲ್ಲಿ ಮುಂಬದಿಯ ದಡದ ಮೇಲೆ ಕುದುರೆಯೊಡನೆ ಒಬ್ಬನಿದ್ದಾನೆ. ಮುಗಿದ ಚಿತ್ರದಲ್ಲಿ ಅವನಿಲ್ಲ. ಅವನನ್ನು ಕೈಬಿಟ್ಟುದರಿಂದ ನೋಟವು ತಡೆಯಿಲ್ಲದೆ ನೀರಿನಲ್ಲಿರುವ ಬಂಡಿಗೆ ಸಾಗುತ್ತದೆ.

ಯೋಜನೆಯಿದ್ದರೆ ಮುಂದೆ ತಿದ್ದುವ ಅಗತ್ಯವೇ ಬೀಳದೆಂದು ತಿಳಿಯಬಾರದು. ‘ನೆಗೆಯುವ ಕುದುರೆ’ ಚಿತ್ರವು 1825ರಲ್ಲಿ ಪ್ರದರ್ಶಿತವಾದ ಬಳಿಕವೂ ಅವನು ಕುದುರೆಯ ಮುಂದಿದ್ದ ವಿಲೋ ಮರವನ್ನು ಅಳಿಸಿ ಹಿಂದಕ್ಕೆ ಸರಿಸಿದನು. ವಿಳಂಬವೇ ಗುಣವೆಂದೂ ಹೇಳಲಾಗದು. ವಾಟರ್ಲೂ ಸೇತುವೆಯ ಪ್ರಾರಂಭೋತ್ಸವ ನಡೆದುದು 1817ರಲ್ಲಿ. ಅದರ ಚಿತ್ರವನ್ನು ಅವನು ಪ್ರದರ್ಶಿಸಿದುದು 1832ರಲ್ಲಿ. ‘ಹೇ ವೇನ್’ ಆದರೋ ಕೆಲವೇ ತಿಂಗಳುಗಳಲ್ಲಿ ಸಿದ್ಧವಾಯಿತು. ಹದಿನೈದು ವರ್ಷ ಕಾದ ಚಿತ್ರಕ್ಕಿಂತ ಇದರ ಕೀರ್ತಿಯೇ ಹೆಚ್ಚು. ಆದುದರಿಂದ ನಿಧಾನವನ್ನು ಕಾಲದಿಂದ ಅಳೆಯಲಾಗದು. ಕರಡಿನ ಹಂತದಲ್ಲಿ ಎಷ್ಟು ಪ್ರಶ್ನೆಗಳು ಬಗೆಹರಿದುವೆಂಬುದೇ ಅದರ ಅಳತೆ.

ಇತಿಹಾಸಕಾರರಿಗೆ ಇದರಲ್ಲಿ ಒಂದು ಎಚ್ಚರಿಕೆಯಿದೆ. ಚಿತ್ರದಲ್ಲಿರುವ ಮರವು ನೆಲದ ಮೇಲೂ ಅಲ್ಲಿಯೇ ಇತ್ತೆಂದು ನಾವು ವಾದಿಸಹೊರಟರೆ, ಕಾನ್‌ಸ್ಟಬಲನೇ ನಮ್ಮನ್ನು ಸುಳ್ಳಾಗಿಸುವನು. ಚಿತ್ರದ ಪಕ್ಕದಲ್ಲಿ ಕರಡನ್ನಿಟ್ಟು ನೋಡಿದರೆ, ಸ್ಥಳದ ಅಂದಿನ ಸ್ಥಿತಿಗೆ ಕರಡೇ ಹೆಚ್ಚು ಸಮೀಪದ ಸಾಕ್ಷಿಯಾಗುವುದು. ಎರಡಕ್ಕೂ ಇರುವ ಅಂತರವು ಚಿತ್ರಕಾರನ ವಿಚಾರಕ್ಕೆ ಸಾಕ್ಷಿಯಾಗುವುದು. ಕರಡು ದೊರೆಯದೆಡೆಯಲ್ಲಿ, ಚಿತ್ರವೊಂದನ್ನೇ ನಂಬಿ ತೀರ್ಮಾನಕ್ಕೆ ಬರಲು ನಾವೂ ಆತುರಪಡಬಾರದು.