ಹೊಲದ ಚಿಂತೆ, ಹಿತ್ತಲಿನ ಸಮಾಧಾನ

ಆದವಾನಿಯಿಂದ ಪಡುವಲಿಗೆ, ಕರ್ನಾಟಕದ ಗಡಿಯ ಕಡೆಗೆ ಸಾಗುವವರಿಗೆ ಪೆದ್ದಹರಿವಾಣವೆಂಬ ಊರಿನ ಸುತ್ತಮುತ್ತ ಕಣ್ಣು ಹರಿಯುವಷ್ಟು ದೂರ ಹೊಲಗಳೇ ಕಾಣುತ್ತವೆ. ಹರಿವಾಣವೆಂದರೆ ಅಗಲವಾದ ತಟ್ಟೆ. ಅದರ ಮುಂದೆ ತೆಲುಗಿನ ‘ಪೆದ್ದ’ ಬಂದು ಕುಳಿತಿದೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ಅಂಗವಾಗಿದ್ದು, ಅಂದು ಆಲೂರು, ರಾಯದುರ್ಗಗಳೊಡನೆ ಆಂಧ್ರಕ್ಕೆ ಸೇರಿದ ಆದವಾನಿ ತಾಲ್ಲೂಕಿನಲ್ಲಿ ಎರಡು ನುಡಿಗಳೂ ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದವು. ಆದರೆ ಈ ಸೀಮೆಯ ಹರಿವಾಣ ತುಂಬುವುದು ಆಕಾಶದ ಕೃಪೆಯಿಂದ. ತುಂಗಭದ್ರೆಯ ಕಾಲುವೆಯ ನೀರು ತಲಪಿದಲ್ಲಿ ಒಂದಿಷ್ಟು ಧೈರ್ಯವುಂಟು. ತಲಪದಲ್ಲಿ ಹತ್ತಿ, ಶೇಂಗಾ, ಜೋಳ, ತೊಗರಿಗಳೆಲ್ಲವೂ ಮುಂಗಾರು ಹಿಂಗಾರುಗಳ ಮರ್ಜಿಗೆ ಒಳಪಟ್ಟವು.

ಆದುದರಿಂದ, ಮಣ್ಣಿನಲ್ಲಿ ದುಡಿದರೆ ಮನಸ್ಸಿನ ಭಾರ ಇಳಿಯುತ್ತದೆಂಬ ಮಾತನ್ನು ಇಲ್ಲಿಯ ರೈತನ ಮುಂದೆ ಆಡುವಾಗ ಸ್ವಲ್ಪ ತಡೆದು ಆಡಬೇಕಾಗುತ್ತದೆ. ಬೀಜ, ಗೊಬ್ಬರ, ಔಷಧಿಗಳಿಗೆಂದು ಸಾಲ ತಂದು, ಮೋಡವನ್ನು ನೋಡಿ ಬಿತ್ತಿ, ಮೊಳಕೆ ಬಾಡಿದಾಗ ಮರಳಿ ಬಿತ್ತಿ, ಕಡೆಗೆ ಅರಳೆಯನ್ನು ಆದವಾನಿಯ ಮಾರುಕಟ್ಟೆಗೆ ಒಯ್ದು ಅಂದಿನ ಧಾರಣೆ ಏನೆಂದು ಎದೆ ಹಿಡಿದು ಕೇಳುವವನಿಗೆ ಮಣ್ಣೇ ಚಿಂತೆಯ ಮೂಲವಲ್ಲವೆ? ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ಆ ರೈತನ ಮನೆಯ ಹಿತ್ತಲಿನಲ್ಲಿಯೇ ಹುಡುಕಬೇಕೆಂದು ನನ್ನ ನಂಬಿಕೆ.

ಹಿತ್ತಲೆಂದರೆ ನಾಲ್ಕು ಮಾರು ನೆಲ. ಒಂದು ಕರಿಬೇವು, ಒಂದು ನುಗ್ಗೆ, ಬಚ್ಚಲ ನೀರು ಹರಿಯುವ ಕಡೆ ಒಂದು ಬಾಳೆ, ಗೋಡೆಯನ್ನು ಹಿಡಿದು ಮೇಲೇರಿದ ಹೀರೆಬಳ್ಳಿ, ರೊಟ್ಟಿಯ ಜೊತೆಗೆ ಒದಗುವ ಪುಂಡಿಪಲ್ಯದ ಒಂದು ಮಡಿ, ಮುಡಿಗೆ ಬೇಕಾದ ಕನಕಾಂಬರ, ಅಂಗಳದಲ್ಲಿ ತುಳಸಿ. ಹೊಲದ ಮಣ್ಣೂ ಇದರ ಮಣ್ಣೂ ಒಂದೇ. ಆದರೂ ಅಲ್ಲಿ ಕಂಗೆಡುವ ಮನಸ್ಸು ಇಲ್ಲಿ ತಂಗುತ್ತದೆ. ಅಲ್ಲಿ ಮಾಡಿದ ಕೆಲಸಕ್ಕೂ ಬರುವ ಫಲಕ್ಕೂ ನಡುವೆ ಮಳೆ, ಹುಳು, ದಲಾಲಿ, ಬಡ್ಡಿ, ದೂರದೇಶಗಳ ಪೇಟೆ ಇವೆಲ್ಲವೂ ನಿಂತಿವೆ. ಇಲ್ಲಿ ನಿನ್ನೆ ಸಂಜೆ ಎರೆದ ಎರಡು ತಂಬಿಗೆ ನೀರಿಗೆ ಇಂದು ಬೆಳಿಗ್ಗೆ ತಲೆಯೆತ್ತಿದ ಎಲೆಯೇ ಉತ್ತರ. ಬಾಡಿದರೂ ನಷ್ಟ ಒಂದು ಹಿಡಿ ಬೀಜದ್ದು, ಮನೆಯದಲ್ಲ. ತನ್ನ ಕೈಯಿಂದ ಏನಾದರೂ ಆದೀತೆಂಬ ವಿಶ್ವಾಸವನ್ನು ಕಳೆದುಕೊಂಡ ಮನಸ್ಸಿಗೆ ಆ ವಿಶ್ವಾಸವನ್ನು ಚೂರುಚೂರಾಗಿ ಹಿಂದಿರುಗಿಸುವ ಶಕ್ತಿ ಹಿತ್ತಲಿಗಿದೆ.

ಅನುಭವದಿಂದ ಬಲ್ಲ ಈ ಸಂಗತಿಯನ್ನು ವಿಜ್ಞಾನಿಗಳು ಅಳೆದು ನೋಡಿದ್ದಾರೆ. ನೆದರ್ಲೆಂಡ್ಸ್ ದೇಶದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕೈತೋಟವುಳ್ಳ 30 ಮಂದಿಗೆ ಮೊದಲು ಮನಸ್ಸನ್ನು ದಣಿಸುವ ಕಠಿಣವಾದ ಒಂದು ಪರೀಕ್ಷೆಯನ್ನು ಕೊಟ್ಟು, ಬಳಿಕ ಕೆಲವರನ್ನು ಅರ್ಧ ಗಂಟೆ ತೋಟದ ಕೆಲಸಕ್ಕೂ ಉಳಿದವರನ್ನು ಅಷ್ಟೇ ಹೊತ್ತು ಓದಿಗೂ ಬಿಟ್ಟರು. ಉದ್ವೇಗದ ಕಾಲದಲ್ಲಿ ಶರೀರದಲ್ಲಿ ಹೆಚ್ಚುವ ಕಾರ್ಟಿಸಾಲ್ ಎಂಬ ರಸದ ಪ್ರಮಾಣವು ಇಬ್ಬಗೆಯವರಲ್ಲಿಯೂ ಇಳಿಯಿತು. ಆದರೆ ಮಣ್ಣು ಕೆದಕಿದವರಲ್ಲಿ ಇಳಿದುದು ಹೆಚ್ಚು, ಮತ್ತು ಅವರ ಮನಸ್ಸಿನ ಲವಲವಿಕೆಯೂ ಮೊದಲಿನಂತಾಯಿತು. ಅದಕ್ಕೂ ಹಿಂದೆ, 1984ರಲ್ಲಿ, ರೋಜರ್ ಉಲ್ರಿಕ್ ಎಂಬ ಅಮೆರಿಕದ ವಿದ್ವಾಂಸರು ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದ 46 ರೋಗಿಗಳ ದಾಖಲೆಗಳನ್ನು ಹೋಲಿಸಿ ನೋಡಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದ 23 ಮಂದಿ, ಇಟ್ಟಿಗೆಯ ಗೋಡೆಯನ್ನೇ ನೋಡುತ್ತ ಮಲಗಿದ್ದ 23 ಮಂದಿಗಿಂತ ಬೇಗ ಮನೆಗೆ ಮರಳಿದ್ದರು; ನೋವಿಗೆ ಅವರು ಬೇಡಿದ ತೀವ್ರವಾದ ಔಷಧಿಯೂ ಕಡಿಮೆಯಾಗಿದ್ದಿತು. ಹಸುರನ್ನು ನೋಡುವುದರಿಂದಲೇ ಇಷ್ಟು ಫಲವಾದರೆ, ಅದನ್ನು ಮುಟ್ಟಿ ಬೆಳೆಸುವುದರಲ್ಲಿ ಇನ್ನೆಷ್ಟು ಇದ್ದೀತು!

ಇದರ ಕಾರಣವನ್ನು ಮನಶ್ಶಾಸ್ತ್ರಜ್ಞರು ಹೀಗೆ ವಿವರಿಸುತ್ತಾರೆ: ಲೆಕ್ಕ ಬರೆಯುವಾಗಲೂ ವ್ಯವಹಾರ ಚರ್ಚಿಸುವಾಗಲೂ ನಾವು ಅವಧಾನವನ್ನು ಬಲವಂತದಿಂದ ಹಿಡಿದು ನಿಲ್ಲಿಸುತ್ತೇವೆ, ಆ ಹಿಡಿತವೇ ದಣಿವಾಗುತ್ತದೆ, ಎಲೆ, ಮೊಗ್ಗು, ದುಂಬಿ, ನೀರಿನ ಹರಿವುಗಳಾದರೋ ಅವಧಾನವನ್ನು ಶ್ರಮವಿಲ್ಲದೆ ತಮ್ಮೆಡೆಗೆ ಸೆಳೆದುಕೊಂಡು, ದಣಿದ ಶಕ್ತಿಗೆ ವಿಶ್ರಾಂತಿಯನ್ನೀಯುತ್ತವೆ. ಇದರ ಜೊತೆಗೆ ಬಾಗಿ ಏಳುವ ಶರೀರಕ್ಕೆ ಹಿತವಾದ ವ್ಯಾಯಾಮವುಂಟು, ಎಳೆಬಿಸಿಲುಂಟು, ನೀರು ಬಿದ್ದೊಡನೆ ಏಳುವ ಮಣ್ಣಿನ ಕಂಪುಂಟು. ಮಣ್ಣಿನ ಸೂಕ್ಷ್ಮಜೀವಿಗಳಿಂದ ಹುಟ್ಟುವ ಜಿಯೋಸ್ಮಿನ್ ಎಂಬ ದ್ರವ್ಯವು ಆ ಕಂಪಿಗೆ ಒಂದು ಮುಖ್ಯ ಕಾರಣ. ಮಳೆಗಾಗಿ ವರ್ಷವಿಡೀ ಕಾಯುವ ನಾಡಿನವರ ಮೂಗಿಗೆ ಅದಕ್ಕಿಂತ ಪ್ರಿಯವಾದ ಸುಗಂಧ ಬೇರೆಯಿಲ್ಲ.

ಚಿಕಿತ್ಸಾಲಯಗಳೂ ಇದನ್ನು ಕಡೆಗಣಿಸಿಲ್ಲ. 1974ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ ನಿಮ್ಹಾನ್ಸ್ ಆಯಿತಷ್ಟೆ. ಅಲ್ಲಿಯ ಪುನರ್ವಸತಿ ವಿಭಾಗದಲ್ಲಿ ಮಾನಸಿಕ ವ್ಯಾಧಿಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಕಲಿಸುವ ಕಸುಬುಗಳಲ್ಲಿ ತೋಟಗಾರಿಕೆಯೂ ಒಂದು. ನಮ್ಮ ಹಿರಿಯರು ಇದನ್ನು ಚಿಕಿತ್ಸೆಯೆನ್ನದೆ ನೇಮವಾಗಿಸಿದ್ದರು. ಮಿಂದು ಬಂದು ತುಳಸಿಗೆ ನೀರೆರೆದು, ಒಣಗಿದ ಎಲೆಯನ್ನು ತೆಗೆದು, ಪ್ರದಕ್ಷಿಣೆ ಬಂದು ಕ್ಷಣಕಾಲ ನಿಲ್ಲುವ ಹೆಂಗಸರು ದಿನವನ್ನು ಶಾಂತವಾಗಿ ಆರಂಭಿಸುತ್ತಿದ್ದರು. ಈ ಸೀಮೆಗೆ ಸಮೀಪದ ಮಂತ್ರಾಲಯದಲ್ಲಿ, 1671ರಲ್ಲಿ ರಾಘವೇಂದ್ರಸ್ವಾಮಿಗಳು ನೆಲೆಗೊಂಡ ತಾಣವನ್ನು ಬೃಂದಾವನವೆನ್ನುತ್ತೇವೆ. ಮನೆಯಂಗಳದ ತುಳಸಿಕಟ್ಟೆಗೂ ಅದೇ ಹೆಸರು.

ಹೊಸದಾಗಿ ತೊಡಗುವವರು ಅಲ್ಪದಿಂದ ತೊಡಗುವುದು ಲೇಸು. ದೊಡ್ಡ ತೋಟವು ಮತ್ತೊಂದು ಚಿಂತೆಯಾಗಬಾರದಷ್ಟೆ. ಜಾಗವಿಲ್ಲದವರಿಗೆ ತೂತು ಕೊರೆದ ಹಳೆಯ ಡಬ್ಬವೂ ಸಾಕು. ಎರೆಮಣ್ಣು ಒಣಗಿದರೆ ಬಿರುಕುಬಿಡುವುದು, ನೆನೆದರೆ ಅಂಟಾಗುವುದು. ಅದಕ್ಕೆ ಮರಳನ್ನೂ ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರವನ್ನೂ ಬೆರೆಸಬೇಕು. ಮೊದಲ ಬೆಳೆಗೆ ಮೆಂತ್ಯಕ್ಕಿಂತ ಉತ್ತಮವಾದುದಿಲ್ಲ: ಮೂರು ನಾಲ್ಕು ದಿನಗಳಲ್ಲಿ ಮೊಳೆತು, ಮೂರು ನಾಲ್ಕು ವಾರಗಳಲ್ಲಿ ಪಲ್ಯಕ್ಕೆ ಒದಗುತ್ತದೆ. ಬೇಸಗೆಯ ಉರಿಯಲ್ಲಿ ಗಿಡದ ಬುಡಕ್ಕೆ ಶೇಂಗಾದ ಸಿಪ್ಪೆಯನ್ನು ಹರಡಿದರೆ ತೇವ ಬೇಗ ಆರದು. ಅಕ್ಕಿ, ಕಾಯಿಪಲ್ಯಗಳನ್ನು ತೊಳೆದ ನೀರೇ ಇಂಥ ಪುಟ್ಟ ಮಡಿಗೆ ಬಹುಪಾಲು ಸಾಕಾಗುತ್ತದೆ.

ಒಂದು ಎಚ್ಚರದ ಮಾತನ್ನು ಹೇಳದೆ ಇರಲಾರೆ. ಹಿತ್ತಲು ವೈದ್ಯನ ಸ್ಥಾನವನ್ನು ತುಂಬಲಾರದು. ಸಾಲದ ಹೊರೆಯನ್ನಂತೂ ಇಳಿಸಲಾರದು. ನಿದ್ರೆಯೂ ಹಸಿವೂ ದೂರವಾಗಿ, ಬದುಕೇ ಬೇಡವೆನಿಸುವಷ್ಟು ವಿಷಾದ ಕವಿದಿದ್ದರೆ ಅದು ರೋಗ. ಅದಕ್ಕೆ ಚಿಕಿತ್ಸೆ ಉಂಟು, ಅದನ್ನು ಪಡೆಯುವುದರಲ್ಲಿ ಲಜ್ಜೆಯಿಲ್ಲ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಕರೆಮಾಡಬಹುದು. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಅಲ್ಲಿ ಮಾತನಾಡುವವರಿದ್ದಾರೆ.

ಉಳಿದಂತೆ, ದಿನದಿನದ ಬೇಗುದಿಯಿಂದ ಬಳಲಿದ ಎಲ್ಲರಿಗೂ ನನ್ನ ವಿಜ್ಞಾಪನೆ ಇಷ್ಟೆ: ಬರುವ ಮುಂಗಾರಿನಲ್ಲಿ, ಹೊಲದ ಬಿತ್ತನೆಯ ಗಡಿಬಿಡಿಯ ನಡುವೆಯೇ, ಹಿತ್ತಲಲ್ಲಿ ಒಂದು ಹಿಡಿ ಮೆಂತ್ಯವನ್ನು ಚೆಲ್ಲಿರಿ. ನಾಲ್ಕನೆಯ ದಿನ ಬೆಳಿಗ್ಗೆ, ಮಳೆಯ ಸುದ್ದಿಯನ್ನೂ ಧಾರಣೆಯ ಸುದ್ದಿಯನ್ನೂ ಕೇಳುವುದಕ್ಕೆ ಮೊದಲು, ಮೊಳೆತಿದೆಯೋ ಇಲ್ಲವೋ ಎಂದು ನೋಡಲು ನಿಮ್ಮ ಕಾಲು ತಾನಾಗಿ ಹಿತ್ತಲ ಬಾಗಿಲ ಕಡೆಗೆ ನಡೆದರೆ, ಮದ್ದು ಹತ್ತತೊಡಗಿತೆಂದು ತಿಳಿಯಿರಿ.